ಮಂಡಿ ನೋವಿಗೆ ಮಾತ್ರೆ ಬಿಟ್ಟು ಬೇರೆ ಏನು ಮಾಡಬಹುದು?

ಹಾಸನದ ಸೊಸೆ:

ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆಗೆ 64 ವರ್ಷ. ಅವರಿರುವುದು ಅರಕಲಗೂಡು ಕಡೆ ಹಳ್ಳಿಯಲ್ಲಿ, ನಾವು ಹಾಸನದಲ್ಲಿ. ಎರಡೂ ಮಂಡಿ ನೋವು, ಬಲಗಡೆಯದು ಜಾಸ್ತಿ. ಎಕ್ಸ್‌ರೇ ತೆಗೆಸಿದೆವು. ಸವೆತ ಇದೆ, ಆಪರೇಷನ್ ಮಾಡಿಸುವಷ್ಟು ಆಗಿಲ್ಲ ಎಂದರು. ಆಗ ಬರೆದುಕೊಟ್ಟ ಡೈಕ್ಲೋಫೆನಾಕ್ ಮಾತ್ರೆಯನ್ನು ಅತ್ತೆ ಸಂತೆಗೆ ಹೋದಾಗೆಲ್ಲ ಚೀಟಿ ಇಲ್ಲದೆಯೇ ಮೆಡಿಕಲ್ ಸ್ಟೋರಿನಿಂದ ತಂದುಕೊಂಡು ತಿಂಗಳುಗಟ್ಟಲೆ ನುಂಗಿದ್ದಾರೆ, ನಮ್ಮ ಹತ್ತಿರ ಬಾಯೇ ಬಿಟ್ಟಿಲ್ಲ. ಬಿಪಿ, ಶುಗರ್ ಎರಡೂ ಇದೆ. ಮೊನ್ನೆ ಶುಗರ್ ಟೆಸ್ಟ್ ಜೊತೆ ಕಿಡ್ನಿಯದ್ದೂ ಮಾಡಿಸಿದರೆ ಕ್ರಿಯಾಟಿನಿನ್ ಏರಿದೆ. ಇನ್ನು ಈ ಮಾತ್ರೆ ಮುಟ್ಟಲೇಬೇಡಿ, ತೀರಾ ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ತಗೊಳ್ಳಿ ಎಂದು ಡಾಕ್ಟರ್ ಹೇಳಿ ಕಳಿಸಿದರು.

ಸರಿ, ಮಾತ್ರೆ ನಿಂತಿತು. ನೋವು ನಿಲ್ಲಬೇಕಲ್ಲ! ಮನೆಯಲ್ಲಿ ಎರಡು ಹಸು ಇವೆ, ಡೈರಿಗೆ ಹಾಲು ಹಾಕುತ್ತಾರೆ. ಹಸು ಮಾರೋಣ ಅತ್ತೆ ಎಂದರೆ ಮೊದಲು ನನ್ನನ್ನು ಮಾರಿ ಎನ್ನುತ್ತಾರೆ. ಕುಕ್ಕರಗಾಲಲ್ಲಿ ಕೂತು ಹಾಲು ಕರೆದು, ಏಳುವಾಗ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈ ಹಸುವಿನ ಸೊಂಟದ ಮೂಳೆ ಮೇಲೆ. ಅದು ಒಂದು ಹೆಜ್ಜೆ ಸರಿದರೆ ಅತ್ತೆಯೂ ಹಾಲೂ ಕೊಟ್ಟಿಗೆ ನೆಲಕ್ಕೆ. ನೋಡಿದರೆ ನನಗೆ ಎದೆ ಝಲ್ ಎನ್ನುತ್ತದೆ.

ಈಗ ಊರೆಲ್ಲ ವೈದ್ಯರೇ. ಒಬ್ಬರು ಎಕ್ಕದ ಎಲೆ ಕಟ್ಟಿ ಎನ್ನುತ್ತಾರೆ, ಒಬ್ಬರು ಅರಿಶಿನದ ಹಾಲು ಎನ್ನುತ್ತಾರೆ, ಒಬ್ಬರು ಮಂಡಿಗೆ ಬೆಲ್ಟು. ಪಕ್ಕದ ಮನೆಯವರು ಎಲ್ಲಿಂದಲೋ ಒಂದು ಪುಡಿ ತರಿಸುತ್ತಾರೆ, ಮೂರೇ ದಿನಕ್ಕೆ ನೋವು ಮಾಯವಂತೆ, ಪೂರ್ತಿ ಗಿಡಮೂಲಿಕೆಯಂತೆ, ಸೈಡ್ ಎಫೆಕ್ಟೇ ಇಲ್ಲವಂತೆ. ಅತ್ತೆಗೆ ಆ ಪುಡಿ ಮೇಲೆ ಮನಸ್ಸು ಬಿದ್ದಿದೆ. ಇದರಲ್ಲಿ ಯಾವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ? ಮಾಡಿ ನೋಡಿದವರು, ತಿಳಿದವರು ಹೇಳಿ. ವಿಡಿಯೋ ಲಿಂಕ್ ಮಾತ್ರ ಕಳಿಸಬೇಡಿ ದಯವಿಟ್ಟು, ನೋಡಿ ನೋಡಿ ಸಾಕಾಗಿದೆ.

ತೋಟದಮನೆ ಸಕಲೇಶಪುರ:

ಅಕ್ಕ, ನಮ್ಮ ಕಡೆ ಮಳೆ ಹಿಡಿಯಿತೆಂದರೆ ಮಂಡಿ, ಸೊಂಟ ಹಿಡಿಯದ ಮನೆಯೇ ಇಲ್ಲ. ನಮ್ಮ ಅಜ್ಜಿ ಮಾಡುತ್ತಿದ್ದದ್ದು, ಈಗ ನಮ್ಮ ಅಮ್ಮ ಮಾಡುವುದು ಲಕ್ಕಿ ಸೊಪ್ಪಿನ ಕಾವು. ಲಕ್ಕಿ ಗಿಡ ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದೇ ತೊಟ್ಟಿಗೆ ಮೂರೋ ಐದೋ ಎಲೆ, ಎಲೆಯ ಅಡಿ ಬೂದು ಬಣ್ಣ, ಹೂವು ತಿಳಿ ನೇರಳೆ. ಉಜ್ಜಿದರೆ ಘಾಟು ವಾಸನೆ ಬರುತ್ತದೆ, ಅದೇ ಗುರುತು.

ಎರಡು ದೊಡ್ಡ ಹಿಡಿ ಸೊಪ್ಪು ಹೆಚ್ಚಿಕೊಳ್ಳಿ. ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಹರಳೆಣ್ಣೆ ಅಥವಾ ಎಳ್ಳೆಣ್ಣೆ ಬಿಸಿ ಮಾಡಿ, ಸೊಪ್ಪು ಹಾಕಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಎಲೆ ಬಾಡಿ ಮನೆ ತುಂಬ ವಾಸನೆ ಏಳುವವರೆಗೆ ಹುರಿಯಿರಿ. ಹಳೇ ಪಂಚೆ ಬಟ್ಟೆಯಲ್ಲಿ ಎರಡು ಗಂಟು ಕಟ್ಟಿ. ಒಂದು ಗಂಟಿನಿಂದ ಮಂಡಿಯ ಸುತ್ತ ಒತ್ತುತ್ತಾ ಹೋಗುವಾಗ ಇನ್ನೊಂದು ಬಾಣಲೆ ಮೇಲೆ ಬಿಸಿಯಾಗುತ್ತಿರಲಿ. ಆರಿದ ಹಾಗೆ ಅದಲು ಬದಲು ಮಾಡಿ. ಮಂಡಿಯ ಚಿಪ್ಪಿನ ಮೇಲೆ ಒತ್ತಬೇಡಿ, ಅಕ್ಕಪಕ್ಕ ಮತ್ತು ಮೇಲ್ಗಡೆ ತೊಡೆ ಕಡೆಗೆ. ಕಾಲು ಗಂಟೆ ಸಾಕು. ಮುಗಿದ ಮೇಲೆ ಫ್ಯಾನ್ ಗಾಳಿಗೆ ಕೂರಿಸಬೇಡಿ, ಬಟ್ಟೆ ಹೊದಿಸಿ. ಸೊಪ್ಪು ಸಿಗದ ದಿನ ಬರೀ ಕಲ್ಲುಪ್ಪು ಹುರಿದು ಗಂಟು ಕಟ್ಟಿದರೂ ನಡೆಯುತ್ತದೆ, ಹುರುಳಿಕಾಳಾದರೆ ಕಾವು ಇನ್ನೂ ಹೊತ್ತು ನಿಲ್ಲುತ್ತದೆ.

ಎಕ್ಕದ ಎಲೆ ವಿಷಯದಲ್ಲಿ ಹುಷಾರು. ಎಲೆ ಮುರಿದಾಗ ಸೋರುವ ಹಾಲು ಚರ್ಮಕ್ಕೆ ತಾಗಿದರೆ ಕೆಲವರಿಗೆ ಬೊಬ್ಬೆ ಬರುತ್ತದೆ. ಅದೇ ಕೈಯಲ್ಲಿ ಕಣ್ಣುಜ್ಜಿಕೊಂಡರಂತೂ ಕಣ್ಣು ಮಂಜಾಗಿ ಆಸ್ಪತ್ರೆ ಸೇರಬೇಕಾಗುತ್ತದೆ. ಲಕ್ಕಿ ಇರುವಾಗ ಎಕ್ಕದ ಸಹವಾಸ ಯಾಕೆ?

ಇನ್ನೊಂದು ಪದ್ಧತಿ ಇದೆ, ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳುವುದು. ನಮ್ಮ ತೋಟದ ಲೈನಿನಲ್ಲಿ ಅಂಥವನೊಬ್ಬ ಇದ್ದ, ಕಾಫಿ ಕುಯ್ಲಿನ ಸಮಯದಲ್ಲಿ ಬೆಳಗ್ಗೆ ಬೆಳಗ್ಗೆಯೇ ಅವನ ಮನೆ ಮುಂದೆ ಜನ ನಿಲ್ಲುತ್ತಿದ್ದರು. ಅತ್ತೆಯವರ ಮಂಡಿಗೆ ಮಾತ್ರ ಯಾರಿಂದಲೂ ಒದೆಸಬೇಡಿ :)

ಫಿಸಿಯೋ ಹಾಸನ:

ಮೇಡಂ, ನಾನು ಫಿಸಿಯೋಥೆರಪಿಸ್ಟ್. ಸೊಪ್ಪಿನ ಕಾವಿಗೆ ನನ್ನದೇನೂ ತಕರಾರಿಲ್ಲ, ಒಂದು ವಿಷಯ ಬಿಟ್ಟು. ಅತ್ತೆಗೆ ಶುಗರ್ ಇದೆ ಎಂದಿರಿ. ಶುಗರ್ ಹಳೆಯದಾದ ಹಾಗೆ ಪಾದದಿಂದ ಶುರುವಾಗಿ ಮೇಲ್ಮುಖವಾಗಿ ನರಗಳಿಗೆ ಸ್ಪರ್ಶವೇ ಕಡಿಮೆಯಾಗುತ್ತಾ ಬರುತ್ತದೆ. ಸುಡುತ್ತಿದ್ದರೂ ಸುಡುತ್ತಿದೆ ಎಂದು ಗೊತ್ತಾಗುವುದಿಲ್ಲ. ಬಿಸಿನೀರಿನ ಬ್ಯಾಗ್ ಇಟ್ಟುಕೊಂಡು ನಿದ್ದೆ ಹೋಗಿ, ಬೆಳಗ್ಗೆ ಬೊಬ್ಬೆ ಎಬ್ಬಿಸಿಕೊಂಡು ಬರುವವರು ಈಗಲೂ ಇದ್ದಾರೆ. ಶುಗರ್ ಇರುವವರಿಗೆ ಆ ಗಾಯ ಬೇಗ ಮಾಯುವುದೂ ಇಲ್ಲ. ಹಾಗಾಗಿ ಗಂಟನ್ನು ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ಮುಟ್ಟಿಸಿ ನೋಡಿ. ನಿಮಗೆ ತಡೆಯುವಷ್ಟಿದ್ದರೆ ಮಾತ್ರ ಅವರಿಗೆ. ಮಂಡಿ ಕೆಂಪಗೆ ಊದಿ, ಮುಟ್ಟಿದರೆ ಬಿಸಿ ಇದೆ ಎನಿಸಿದ ದಿನ ಕಾವು ಬೇಡವೇ ಬೇಡ.

ಈಗ ಮುಖ್ಯ ಮಾತು. ಕಾವು ನೋವನ್ನು ತಗ್ಗಿಸುತ್ತದೆ, ಒಂದೆರಡು ಗಂಟೆ. ಸವೆದ ಮಂಡಿಯನ್ನು ದಿನವಿಡೀ ಹೊರುವುದು ತೊಡೆಯ ಮುಂಭಾಗದ ಸ್ನಾಯು. ನೋವು ಎಂದು ಕಾಲು ಆಡಿಸುವುದು ಬಿಟ್ಟರೆ ಆ ಸ್ನಾಯು ಸೊರಗುತ್ತದೆ, ಸ್ನಾಯು ಸೊರಗಿದರೆ ಭಾರವೆಲ್ಲ ಕೀಲಿಗೆ ಬೀಳುತ್ತದೆ, ಆಗ ನೋವು ಇನ್ನೂ ಜಾಸ್ತಿ, ಕಾಲು ಆಡಿಸುವುದು ಇನ್ನೂ ಕಡಿಮೆ. ಇದನ್ನು ಮುರಿಯಬೇಕು. ಕಾವು ಕೊಟ್ಟ ಮೇಲೆ ಸಿಗುವ ಆ ಒಂದು ಗಂಟೆಯನ್ನು ಮಲಗಿ ಕಳೆಯಬೇಡಿ. ವ್ಯಾಯಾಮ ಮಾಡಿಸುವ ಸಮಯ ಅದೇ.

ಮಂಚದ ಮೇಲೆ ಕಾಲು ಚಾಚಿ ಕೂರಿಸಿ. ಮಂಡಿಯ ಕೆಳಗೆ ಟವೆಲ್ ಸುತ್ತಿಡಿ. ಮಂಡಿಯಿಂದ ಆ ಟವೆಲನ್ನು ಹಾಸಿಗೆಗೆ ಒತ್ತಲಿ, ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡಲಿ. ತೊಡೆ ಗಟ್ಟಿಯಾಗುವುದು ನಿಮ್ಮ ಕೈಗೆ ಗೊತ್ತಾಗಬೇಕು, ಇಲ್ಲದಿದ್ದರೆ ಅವರು ಸುಮ್ನೆ ಸೊಂಟ ಎತ್ತುತ್ತಿದ್ದಾರೆ ಎಂದೇ ಅರ್ಥ. ಒಂದೊಂದು ಕಾಲಿಗೆ ಹತ್ತು ಸಲ. ಇದು ಸುಲಭವಾದ ಮೇಲೆ ಒಂದು ಕಾಲು ಮಡಿಸಿ, ಇನ್ನೊಂದನ್ನು ನೇರವಾಗಿ ಒಂದು ಅಡಿ ಎತ್ತಿ ಹಿಡಿಯುವುದು. ಆಮೇಲೆ ಎತ್ತರದ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮಾರನೇ ದಿನಕ್ಕೂ ನೋವು ಹೆಚ್ಚಾಗಿಯೇ ಉಳಿದರೆ ಲೆಕ್ಕ ಅರ್ಧಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಒಂದೂವರೆ ಎರಡು ತಿಂಗಳು ಬಿಡದೆ ಮಾಡಿದರೆ ಫಲ ಕಾಣುತ್ತದೆ. ಮೊದಲ ವಾರದಲ್ಲಿ ಏನೂ ಆಗಲಿಲ್ಲ ಎಂದು ಬಿಡುವವರೇ ಹೆಚ್ಚು.

ಅತ್ತೆ ದಪ್ಪ ಇದ್ದರೆ ತೂಕದ ಕಡೆಗೂ ನೋಡಿ. ಒಂದು ಕೆಜಿ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿ ಮೇಲೆ ಬೀಳುವ ಹೊರೆ ಸುಮಾರು ನಾಲ್ಕು ಕೆಜಿಯಷ್ಟು ಇಳಿಯುತ್ತದೆ. ಇದು ಅಂದಾಜಿನ ಮಾತಲ್ಲ, ಅಳೆದು ನೋಡಿರುವುದು.

ಕೊಟ್ಟಿಗೆಯಲ್ಲಿ ಕುಕ್ಕರಗಾಲು ಇವತ್ತೇ ನಿಲ್ಲಬೇಕು. ಕೆಚ್ಚಲು ಕೈಗೆಟುಕುವಷ್ಟು ಎತ್ತರದ ಮರದ ಸ್ಟೂಲು ಮಾಡಿಸಿ, ಒಂದು ಅಡಿಗಿಂತ ಕಡಿಮೆ ಬೇಡ. ಏಳುವಾಗ ಹಿಡಿದುಕೊಳ್ಳಲು ಹಸು ಅಲ್ಲ, ಗೋಡೆಗೊಂದು ಕಬ್ಬಿಣದ ಪೈಪು. ಪಾಯಿಖಾನೆ ಹಳೇ ಮಾದರಿಯದಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಬೆಲ್ಟು ಅಂದರೆ ನೀ ಕ್ಯಾಪ್, ನಡೆಯುವಾಗ ಧೈರ್ಯಕ್ಕೆ ಹಾಕಿಕೊಳ್ಳಲಿ, ರಾತ್ರಿ ಬಿಚ್ಚಿಡಲಿ.

ಮೂಡಿಗೆರೆ ಹುಡುಗ:

ಅಕ್ಕ, ಆ ಪುಡಿ ಬೇಡ. ಕೈ ಮುಗಿದು ಹೇಳುತ್ತೇನೆ, ಬೇಡ.

ನಮ್ಮ ದೊಡ್ಡಪ್ಪ ಇದೇ ತರಹದ ಪುಡಿ ತಿನ್ನುತ್ತಿದ್ದರು. ಎಲ್ಲಿಂದ, ಯಾರು ಕೊಟ್ಟದ್ದು ಎಂದು ಬರೆಯುವುದಿಲ್ಲ. ಲೇಬಲ್ಲೂ ಇಲ್ಲ, ಪೇಪರ್ ಪೊಟ್ಟಣ, ಬೆಳಗ್ಗೆ ಒಂದು ರಾತ್ರಿ ಒಂದು. ಮೊದಲ ವಾರವೇ ಮೆಟ್ಟಿಲು ಹತ್ತಿ ಇಳಿದರು, ಮನೆಯಲ್ಲಿ ಎಲ್ಲರಿಗೂ ಖುಷಿ. ಹೊಟ್ಟೆ ತುಂಬ ಊಟ, ಒಳ್ಳೇ ನಿದ್ದೆ. ಮುಖ ದುಂಡಗಾಯಿತು. ಆರೋಗ್ಯ ಬಂತು ಎಂದುಕೊಂಡರು ಎಲ್ಲರೂ. ಆಮೇಲೆ ಶುಗರ್ ಏರಲು ಶುರುವಾಯಿತು, ಕೈ ಮೇಲೆ ಸ್ವಲ್ಪ ತಾಗಿದರೂ ನೀಲಿಗಟ್ಟುವುದು, ಕಾಲಿನಲ್ಲಿ ಬಾವು. ಯಾರೋ ಹೇಳಿದರು ಎಂದು ಪುಡಿಯನ್ನು ಒಂದೇ ಸಲಕ್ಕೆ ನಿಲ್ಲಿಸಿದ್ದಾರೆ. ಕೆಲವೇ ದಿನದಲ್ಲಿ ಸುಸ್ತು, ವಾಂತಿ, ಬಿಪಿ ಇಳಿದು ಎಚ್ಚರ ತಪ್ಪಿ ಬಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಮುಖ ನೋಡುತ್ತಲೇ ಕೇಳಿದ ಮೊದಲ ಪ್ರಶ್ನೆ, ಯಾವ ಪುಡಿ ತಿನ್ನುತ್ತಿದ್ದಿರಿ ಎಂದು.

ಸ್ಟೀರಾಯ್ಡ್. ಅವರು ವಿವರಿಸಿದ್ದು ಹೀಗೆ. ನಮ್ಮ ಕಿಡ್ನಿಯ ಮೇಲೆ ಕೂತಿರುವ ಗ್ರಂಥಿ ದಿನಾ ಕಾರ್ಟಿಸೋಲ್ ಎಂಬುದನ್ನು ತಾನೇ ತಯಾರಿಸುತ್ತದೆ. ಹೊರಗಿನಿಂದ ಬರುತ್ತಾ ಇದ್ದರೆ ಅದು ತನ್ನ ಕೆಲಸ ನಿಲ್ಲಿಸಿಬಿಡುತ್ತದೆ. ಹೊರಗಿನದೂ ಒಮ್ಮೆಲೇ ನಿಂತರೆ ದೇಹಕ್ಕೆ ಏನೂ ಇಲ್ಲ. ಹಾಗಾಗಿ ಡಾಕ್ಟರು ಮತ್ತೆ ಸ್ಟೀರಾಯ್ಡ್ ಮಾತ್ರೆಯನ್ನೇ ಕೊಟ್ಟು, ತಿಂಗಳುಗಟ್ಟಲೆ ಚೂರು ಚೂರೇ ಇಳಿಸಿದರು. ಈಗ ಪರವಾಗಿಲ್ಲ, ಮೂಳೆ ಮಾತ್ರ ಟೊಳ್ಳಾಗಿದೆ ಎಂದಿದ್ದಾರೆ.

ಬೆಳ್ಳಗಿರುವುದೆಲ್ಲ ಹಾಲಲ್ಲ ಅಕ್ಕ. ಸವೆದ ಮಂಡಿ ಮೂರು ದಿನಕ್ಕೆ ಸರಿಹೋಗುವುದಾದರೆ ಆ ಪುಡಿಯಲ್ಲಿ ಗಿಡಮೂಲಿಕೆ ಬಿಟ್ಟು ಬೇರೆ ಏನೋ ಇದೆ. ನಿಮ್ಮ ಪಕ್ಕದ ಮನೆಯವರಿಗೂ ಹೇಳಿ. ಆದರೆ ಬಹಳ ದಿನದಿಂದ ತಿನ್ನುತ್ತಿದ್ದರೆ ತಕ್ಷಣ ಬಿಡಿ ಎಂದು ಹೇಳಬೇಡಿ, ಪೊಟ್ಟಣ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ್ ಹತ್ತಿರ ಹೋಗಲಿ.

ಪಲ್ಪರ್ ಪುಟ್ಟ:

ಈ ಸೊಪ್ಪು ಸದೆ ಎಲ್ಲ ಮನಸ್ಸಿನ ಸಮಾಧಾನ ಅಷ್ಟೇ. ಎಣ್ಣೆ ಚರ್ಮ ದಾಟಿ ಮೂಳೆ ಒಳಗೆ ಹೋಗುತ್ತಾ? ಸವೆದದ್ದು ಸವೆದೇ ಹೋಯಿತು. ನೇರವಾಗಿ ಆಪರೇಷನ್ ಮಾಡಿಸಿ ಮುಗಿಸಿ.

ಚಿಕ್ಕಮಗಳೂರು ಮೇಷ್ಟ್ರು:

ಪುಟ್ಟ, ಎಣ್ಣೆ ಮೂಳೆಗೆ ಹೋಗುವುದಿಲ್ಲ ಎನ್ನುವುದು ನಿಜ. ಅದು ಹೋಗಬೇಕಾಗಿಯೂ ಇಲ್ಲ. ಮೊಣಕೈ ಬಾಗಿಲಿಗೆ ತಾಗಿದ ಕೂಡಲೇ ಉಜ್ಜಿಕೊಳ್ಳುತ್ತೀಯ ತಾನೆ? ಉಜ್ಜಿದರೆ ಯಾಕೆ ನೋವು ಕಡಿಮೆ ಎನಿಸುತ್ತದೆ? ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು 1965ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸ್ಪರ್ಶದ ಸುದ್ದಿ ಒಯ್ಯುವ ನರ ದಪ್ಪ, ನೋವಿನ ಸುದ್ದಿ ಒಯ್ಯುವ ನರ ಸಣ್ಣ. ಎರಡೂ ಬೆನ್ನುಹುರಿಗೆ ಬಂದು ಸೇರುತ್ತವೆ. ಅಲ್ಲಿ ಒಂದು ಗೇಟು ಇದ್ದ ಹಾಗೆ, ಸ್ಪರ್ಶದ ಸುದ್ದಿ ಜೋರಾಗಿ ಬಂದರೆ ನೋವಿನದಕ್ಕೆ ಗೇಟು ಅರ್ಧ ಮುಚ್ಚುತ್ತದೆ. ಅವರ ಸಿದ್ಧಾಂತದ ವಿವರಗಳನ್ನು ಆಮೇಲೆ ತಿದ್ದಿದ್ದಾರೆ, ಮೂಲ ವಿಚಾರ ನಿಂತಿದೆ. ನೀವುವುದು, ಕಾವು ಕೊಡುವುದು ಎರಡಕ್ಕೂ ಇದು ಸಲ್ಲುತ್ತದೆ. ಎಕ್ಸ್‌ರೇಯಲ್ಲಿ ತುಂಬ ಸವೆತ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ, ಸ್ವಲ್ಪವೇ ಸವೆದು ನರಳುವವರೂ ಇದ್ದಾರೆ. ನೋವಿಗೂ ಸವೆತಕ್ಕೂ ನೀನಂದುಕೊಂಡಷ್ಟು ನೇರ ಲೆಕ್ಕ ಇಲ್ಲ.

ಮೇಡಂ, ಅರಿಶಿನದ ಬಗ್ಗೆ ಕೇಳಿದಿರಿ. ಅದರೊಳಗಿನ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣ ಇದೆ. ಆದರೆ ಅಡುಗೆ ಅರಿಶಿನದಲ್ಲಿ ಅದು ನೂರಕ್ಕೆ ಸುಮಾರು ಮೂರು ಭಾಗ ಮಾತ್ರ, ತಿಂದದ್ದರಲ್ಲಿ ರಕ್ತಕ್ಕೆ ಸೇರುವುದು ಇನ್ನೂ ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಹೀರಿಕೆ ಸುಮಾರು ಇಪ್ಪತ್ತು ಪಟ್ಟು ಏರುತ್ತದೆ ಎಂದು 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು. ನಮ್ಮ ತೋಟದ ಮರಕ್ಕೆ ಹಬ್ಬಿದ ಮೆಣಸಿಗೆ ಇಷ್ಟು ಗುಣ ಇದೆ ಎಂದು ಹಿಗ್ಗಿದೆವು. ಆದರೆ ಅವರು ಕೊಟ್ಟದ್ದು ಎರಡು ಗ್ರಾಂ ಶುದ್ಧ ಕರ್ಕ್ಯುಮಿನ್, ಲೋಟ ಹಾಲಿಗೆ ಹಾಕುವ ಚಿಟಿಕೆ ಅರಿಶಿನ ಅಲ್ಲ. ಹಾಲು ಕುಡಿಯಲಿ, ಒಳ್ಳೆಯದೇ. ಅದರಿಂದ ಮಂಡಿ ನೋವು ಹೋಗುತ್ತದೆ ಎಂದು ಕಾಯುವುದು ಬೇಡ. ಕ್ಯಾಪ್ಸೂಲ್ ರೂಪದಲ್ಲಿ ಮಾರುವುದನ್ನು ಮಾತ್ರ ಸುಮ್ನೆ ಶುರು ಮಾಡಬೇಡಿ. ಪೈಪರಿನ್ ಬೇರೆ ಮಾತ್ರೆಗಳ ಹೀರಿಕೆಯನ್ನೂ ಏರುಪೇರು ಮಾಡುತ್ತದೆ, ದೊಡ್ಡ ಪ್ರಮಾಣದ ಕರ್ಕ್ಯುಮಿನ್‌ನಿಂದ ಲಿವರ್‌ಗೆ ಪೆಟ್ಟಾದ ಉದಾಹರಣೆಗಳೂ ಇವೆ.

ಇನ್ನೊಂದು ಯಾರೂ ಹೇಳಲಿಲ್ಲ, ಒಣಮೆಣಸಿನಕಾಯಿ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್. ಅದು ಶಾಖವನ್ನು ಗುರುತಿಸುವ ನರದ ತುದಿಯನ್ನೇ ಕೆಣಕುತ್ತದೆ, ಅದಕ್ಕೇ ಖಾರ ತಿಂದರೆ ಬಾಯಿ ಸುಟ್ಟ ಹಾಗಾಗುವುದು. ಇದರ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾಲು ಬಂತು. ಅದೇ ಜಾಗಕ್ಕೆ ದಿನಾ ಹಚ್ಚುತ್ತಾ ಹೋದರೆ ನರದ ತುದಿ ಸುಸ್ತಾಗಿ ನೋವಿನ ಸುದ್ದಿ ಕಳಿಸುವುದನ್ನು ಕಡಿಮೆ ಮಾಡುತ್ತದೆ. ಕ್ಯಾಪ್ಸೈಸಿನ್ ಮುಲಾಮು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಮೊದಲ ವಾರ ಚೆನ್ನಾಗಿ ಉರಿಯುತ್ತದೆ, ಹೆದರಿ ಬಿಟ್ಟರೆ ಪ್ರಯೋಜನ ಇಲ್ಲ. ಹಚ್ಚಿದ ಕೈ ಸೋಪಿನಲ್ಲಿ ತೊಳೆಯಬೇಕು, ಅದೇ ಕೈಯಲ್ಲಿ ಹಾಲು ಕರೆಯಲು ಹೋದರೆ ಹಸು ಒದೆಯುವುದು ಗ್ಯಾರಂಟಿ. ಇದರ ಮೇಲೆ ಕಾವು ಕೊಡಬಾರದು. ಮಿಕ್ಸಿಯಲ್ಲಿ ಮೆಣಸಿನಕಾಯಿ ರುಬ್ಬಿ ಹಚ್ಚುವ ಸಾಹಸವಂತೂ ಬೇಡವೇ ಬೇಡ. ಬ್ಯಾಡಗಿಯಲ್ಲಿ ಬಣ್ಣ ಇದೆ, ಖಾರ ಕಡಿಮೆ. ಗುಂಟೂರಿನದಾದರೆ ಚರ್ಮವೇ ಏಳುತ್ತದೆ.

ಇನ್ನು ಡೈಕ್ಲೋಫೆನಾಕ್. ಇದೇ ಔಷಧಿಯನ್ನು ದನಗಳಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಿದರು. ಸತ್ತ ದನದ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಟ್ಟು ಸಾವಿರ ಸಾವಿರ ಸತ್ತವು. ಹದ್ದಿಗೂ ಮನುಷ್ಯನಿಗೂ ವ್ಯತ್ಯಾಸ ಇದೆ, ಒಪ್ಪುತ್ತೇನೆ. ನಮ್ಮಲ್ಲಿ ಅಪಾಯ ಯಾರಿಗೆ ಜಾಸ್ತಿ ಎಂದರೆ ಬಿಪಿ, ಶುಗರ್ ಇರುವ ವಯಸ್ಸಾದವರಿಗೆ. ಕಿಡ್ನಿಗೆ ರಕ್ತ ಹರಿಯಲು ಸಹಾಯ ಮಾಡುವ ಅಂಶವನ್ನೇ ಈ ಮಾತ್ರೆ ತಡೆಯುತ್ತದೆ. ಬ್ರಾಂಡ್ ಹೆಸರು ಬೇರೆ ಇದ್ದರೂ ಒಳಗಿರುವುದು ಅದೇ ಗುಂಪಿನದೇ ಇರಬಹುದು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಹೆಸರು ಓದಿ. ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಎಲ್ಲವೂ ಒಂದೇ ಸಂಸಾರ.

ಬಿಎಎಂಎಸ್ ಹುಡುಗಿ:

ಮೂಡಿಗೆರೆ ಅಣ್ಣ ಹೇಳಿದ ಪುಡಿಯಿಂದ ನಮ್ಮ ಆಯುರ್ವೇದಕ್ಕೆ ಕೆಟ್ಟ ಹೆಸರು, ಅದಕ್ಕೇ ಬರೆಯುತ್ತಿದ್ದೇನೆ. ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೇನಿದೆ ಎನ್ನುವ ಪಟ್ಟಿ, ತಯಾರಿಸಿದ ತಾರೀಖು ಇಲ್ಲದ ಯಾವುದನ್ನೂ ಹೊಟ್ಟೆಗೆ ತೆಗೆದುಕೊಳ್ಳಬೇಡಿ.

ಹಾಸನದಲ್ಲೇ ಇದ್ದೀರಲ್ಲ, ತಣ್ಣೀರುಹಳ್ಳದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ. ಅಂಥ ಕಡೆ ಒಂದು ಸಲ ತೋರಿಸಿ. ಮಂಡಿಗೆ ಸಾಮಾನ್ಯವಾಗಿ ಮಾಡುವುದು ಜಾನುಬಸ್ತಿ. ಉದ್ದಿನ ಹಿಟ್ಟು ಕಲಸಿ ಮಂಡಿಯ ಸುತ್ತ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಔಷಧಿ ಎಣ್ಣೆ ಹಾಕಿ ನಿಲ್ಲಿಸುತ್ತಾರೆ. ಹಿಟ್ಟು ಸರಿಯಾಗಿ ಅಂಟದಿದ್ದರೆ ಎಣ್ಣೆಯೆಲ್ಲ ಸೋರಿ ಟೇಬಲ್ ಪಾಲು, ನಾವು ಕಲಿಯುವಾಗ ಇದರಲ್ಲೇ ಬೈಸಿಕೊಳ್ಳುವುದು. ಆರಿದ ಎಣ್ಣೆಯನ್ನು ಹತ್ತಿಯಲ್ಲಿ ಹಿಂಡಿ ತೆಗೆದು ಮತ್ತೆ ಬಿಸಿಯದನ್ನು ಹಾಕುತ್ತಾ ಅರ್ಧ ಗಂಟೆ ತನಕ ಇಡುತ್ತಾರೆ. ಬಿಗಿತ ಸಡಿಲವಾಗಿ ಮಂಡಿ ಮಡಚುವುದು ಸುಲಭವಾಗುತ್ತದೆ. ಸವೆದದ್ದು ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಮ್ಮವರೇ ಹೇಳಿದರೂ ಸರಿ.

ನಿಮ್ಮ ಅತ್ತೆಯ ವಿಷಯದಲ್ಲಿ ಹೊರಗಿನ ಚಿಕಿತ್ಸೆ ಮಾಡಿಸುವುದು ಸಲೀಸು. ಹೊಟ್ಟೆಗೆ ಗುಗ್ಗುಳು, ಭಸ್ಮ ಇತ್ಯಾದಿ ಕೊಡುವ ಮೊದಲು ಕ್ರಿಯಾಟಿನಿನ್ ಏರಿರುವ ರಿಪೋರ್ಟನ್ನು ವೈದ್ಯರಿಗೆ ತೋರಿಸಲೇಬೇಕು. ಮುಚ್ಚಿಡಬೇಡಿ. ಅಲೋಪತಿ ಡಾಕ್ಟರಿಗೂ ಹೇಳಿ, ಇಂಥದ್ದು ಮಾಡಿಸುತ್ತಿದ್ದೇವೆ ಎಂದು. ಬೈಯುತ್ತಾರೆ ಎಂಬ ಹೆದರಿಕೆಯಿಂದ ಇಬ್ಬರಿಗೂ ಅರ್ಧರ್ಧ ಹೇಳುವವರೇ ಜಾಸ್ತಿ.

ಆಲ್ದೂರು ಕುಯ್ಲು:

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನಗೆ ಮಂಡಿಯಲ್ಲ, ಸೊಂಟ. ರೊಬಸ್ಟಾ ಕುಯ್ಲು ಮುಗಿಸಿ ಮೂಟೆ ಎತ್ತಿದಾಗ ಹಿಡಿದದ್ದು ಇನ್ನೂ ಬಿಟ್ಟಿಲ್ಲ. ಹಲಗೆ ಮೇಲೆ ಮಲಗು, ಅಲುಗಾಡಬೇಡ ಎನ್ನುತ್ತಾರೆ ಮನೆಯಲ್ಲಿ. ಸೊಂಟದ ಬೆಲ್ಟು ತರಿಸಲಾ?

ಫಿಸಿಯೋ ಹಾಸನ:

ಅಲುಗಾಡದೆ ಮಲಗುವುದು ಹಳೇ ಕಾಲದ ಸಲಹೆ ಸರ್. ಆದಷ್ಟು ಓಡಾಡಿ, ಭಾರ ಎತ್ತುವುದನ್ನು ಮಾತ್ರ ಬಿಡಿ. ಹಂಡೆಯ ಬಿಸಿನೀರು ಸೊಂಟಕ್ಕೆ ಹುಯ್ದುಕೊಳ್ಳುವುದು ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಬಹಳ ದಿನದ ಸೊಂಟ ನೋವಿಗೆ ಮಾರ್ಗಸೂಚಿ ತಂದಿತು. ವ್ಯಾಯಾಮ, ಮಸಾಜ್, ಸೂಜಿ ಚಿಕಿತ್ಸೆ ಇವನ್ನು ಕೊಡಬಹುದು ಎನ್ನುತ್ತದೆ. ಮಾಮೂಲಿಯಾಗಿ ಬೇಡ ಎಂದ ಪಟ್ಟಿಯಲ್ಲಿ ಸೊಂಟದ ಬೆಲ್ಟು, ಟ್ರ್ಯಾಕ್ಷನ್ ಅಂದರೆ ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ, ಎರಡೂ ಇವೆ.

ಆದರೆ ಮನೆಮದ್ದಿನಲ್ಲಿ ಕಾಯಬಾರದ ಲಕ್ಷಣಗಳಿವೆ. ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದಿರುವುದು. ಇವು ಬಂದರೆ ಅದೇ ದಿನ ಆಸ್ಪತ್ರೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಮಲಗಿದರೂ ಬಿಡದ ನೋವು ಇದ್ದರೂ ತೋರಿಸಿ. ಮಂಡಿಯವರಿಗೂ ಒಂದು ಮಾತು. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳಿನ ಗೆಣ್ಣು ಗಂಟೆಗಟ್ಟಲೆ ಬಿಗಿದಿದ್ದರೆ ಅದು ಸವೆತವಲ್ಲ, ವಾತದ ಕೀಲುರೋಗ ಇರಬಹುದು. ಅದಕ್ಕೆ ಬೇಗ ಔಷಧಿ ಶುರುವಾದಷ್ಟೂ ಕೀಲು ಉಳಿಯುತ್ತದೆ.

ಹಾಸನದ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಊರಿಗೆ ಹೋಗಿ ಮೂಡಿಗೆರೆಯವರ ದೊಡ್ಡಪ್ಪನ ಕತೆ ಓದಿ ಹೇಳಿದೆ. ಅತ್ತೆ ಸುಮ್ಮನೆ ಕೇಳಿಸಿಕೊಂಡು, ಪಕ್ಕದ ಮನೆ ಅಕ್ಕನ ಮ್ಯಾಕ್ಸಿ ಈಚೆಗೆ ಬಿಗಿಯಾಗಿದೆ ಅಲ್ವಾ ಎಂದರು. ಪುಡಿಯ ಮಾತು ಅಲ್ಲಿಗೆ ಮುಗಿಯಿತು. ಸಂಜೆ ಅವರನ್ನೂ ಕರೆದು ಕೂರಿಸಿ ಹೇಳಿದ್ದೇವೆ, ಈ ವಾರ ಮಗನ ಜೊತೆ ಆಸ್ಪತ್ರೆಗೆ ಹೋಗುತ್ತಾರಂತೆ.

ಲಕ್ಕಿ ಗಿಡ ನಮ್ಮ ಹೊಲದ ಬದುವಿನಲ್ಲೇ ಇತ್ತು, ಇಷ್ಟು ದಿನ ಮೇಕೆ ಕಟ್ಟುತ್ತಿದ್ದೆವು ಅದಕ್ಕೆ. ಕಾವು ಕೊಟ್ಟೆ, ಹಿತವಾಗಿದೆ ಎಂದರು. ಟವೆಲ್ ಒತ್ತುವ ವ್ಯಾಯಾಮಕ್ಕೆ ಮಾತ್ರ ಇದೇನು ಆಟವಾ ಎನ್ನುತ್ತಾರೆ. ಧಾರಾವಾಹಿ ಬರುವ ಹೊತ್ತಿಗೆ ಮಂಚದ ಮೇಲೆ ಕೂರಿಸಿದರೆ ಮಾಡುತ್ತಾರೆ, ಜಾಹೀರಾತು ಬಂದಾಗ ಒತ್ತಬೇಕು ಎಂದು ಮೊಮ್ಮಗಳಿಗೆ ಕಾವಲು ಹಾಕಿದ್ದೇನೆ. ಸ್ಟೂಲು ಬಡಗಿಗೆ ಹೇಳಿದ್ದೇವೆ. ಮುಲಾಮು ಸದ್ಯಕ್ಕೆ ತರಲಿಲ್ಲ, ಉರಿ ಎಂದರೆ ಇವರು ಊರು ಒಂದು ಮಾಡುತ್ತಾರೆ.

ಒಂದೇ ಪ್ರಶ್ನೆ ಉಳಿದಿದೆ. ಕೋಲು ಹಿಡಿಯಿರಿ ಎಂದರೆ ಮುದುಕಿಯ ಹಾಗೆ ಕಾಣುತ್ತೇನೆ ಎನ್ನುತ್ತಿದ್ದವರು, ಕೊಟ್ಟಿಗೆಯೊಳಗೆ ಮಾತ್ರ ಆದರೆ ಹಿಡಿಯುತ್ತೇನೆ, ಹಸು ಹೊಡೆಯೋಕೂ ಆಗುತ್ತದೆ ಎಂದು ಒಪ್ಪಿದ್ದಾರೆ. ನೋವಿರುವ ಬಲಗಡೆಗೇ ಹಿಡಿಯಬೇಕಲ್ಲವಾ?

ಫಿಸಿಯೋ ಹಾಸನ:

ಇಲ್ಲ ಮೇಡಂ, ಎಡಗೈಯಲ್ಲಿ. ಬಲಗಾಲು ಮುಂದಿಡುವಾಗ ಎಡಗೈ ಕೋಲೂ ಜೊತೆಗೇ ಮುಂದೆ ಹೋಗಬೇಕು, ಆಗ ಬಲ ಮಂಡಿಯ ಭಾರ ಕೋಲಿಗೆ ಹಂಚುತ್ತದೆ. ನೋವಿರುವ ಕಡೆಗೇ ಹಿಡಿದರೆ ಮೈ ಆ ಕಡೆಗೇ ವಾಲುತ್ತದೆ. ಎತ್ತರ ಹೀಗೆ ನೋಡಿ: ಚಪ್ಪಲಿ ಹಾಕಿಕೊಂಡು ನೇರ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ತುದಿಗೆ ರಬ್ಬರ್ ಬುಷ್ ಹಾಕಿಸಿ, ಗಂಜಲ ಬಿದ್ದ ನೆಲ ಜಾರುತ್ತದೆ. ಬುಷ್ ಸವೆದ ಕೂಡಲೇ ಬದಲಾಯಿಸಿ, ಹತ್ತಿಪ್ಪತ್ತು ರೂಪಾಯಿಯ ಸಾಮಾನು ಅದು.